ಉತ್ತರ ಕೇಳದ ಸಮಚಿಹ್ನೆ

ವ್ಯೂ ಚೌಕಟ್ಟಿಗಾಗಿ ಇರುವ ಫಂಕ್ಷನ್‌ಗಳ ಸಂಗ್ರಹ ವ್ಯೂಯೂಸ್ ಅನ್ನು ಯಾರೇ ಹೊಗಳಲಿ, ‘ಯೂಸ್‌ರೂಟ್‌ಕ್ವೆರಿ’ಯ ಹೆಸರು ಬಂದೇ ಬರುತ್ತದೆ. ಪುಟದ ಸಂಖ್ಯೆ, ಫಿಲ್ಟರ್, ಹುಡುಕಿದ ಪದ, ಯುಆರ್‌ಎಲ್‌ನಲ್ಲಿರುವ ಇವೆಲ್ಲ ಮಾಮೂಲಿ ರೆಫ್‌ಗಳಾಗಿಬಿಡುತ್ತವೆ, ಹತ್ತು ಸಾಲಿನ ಕೋಡ್ ಒಂದಕ್ಕಿಳಿಯುತ್ತದೆ ಎಂಬುದು ಆ ಹೊಗಳಿಕೆ. ಆಂಥನಿ ಫೂ ಕಟ್ಟಿದ ಈ ಸಂಗ್ರಹದ ಋಣ ನನ್ನ ಮೇಲೂ ಇದೆ. ಆದರೂ ಈ ಒಂದು ಫಂಕ್ಷನ್‌ಗೆ ಬಂದಿರುವ ಹೆಸರು ಅದರ ಯೋಗ್ಯತೆಯನ್ನು ಮೀರಿದ್ದು.

ಎರಡನೇ ಪುಟದಲ್ಲಿದ್ದು, ಪುಟದ ಸಂಖ್ಯೆಯ ರೆಫ್‌ಗೆ ‘ಪೇಜ್.ವ್ಯಾಲ್ಯೂ = 3’ ಎಂದು ಬರೆದಾಗ ಏನಾಗುತ್ತದೆ, ನೋಡೋಣ. ಒಳಗಿರುವುದು ಕಸ್ಟಮ್‌ರೆಫ್. ಅದು 3ನ್ನು ತಕ್ಷಣ ತನ್ನಲ್ಲಿ ಇಟ್ಟುಕೊಂಡು, ನೆಚ್ಚಿಕೊಂಡವರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಯುಆರ್‌ಎಲ್ ಮಾತ್ರ ಇನ್ನೂ 2ರಲ್ಲೇ ಇರುತ್ತದೆ. ಬದಲಾವಣೆ ಒಂದು ಸರದಿಯಲ್ಲಿ ಕಾಯುತ್ತದೆ. ನೆಕ್ಸ್ಟ್‌ಟಿಕ್ ಬಂದಾಗ ಸರದಿಯಲ್ಲಿದ್ದುದೆಲ್ಲ ಒಟ್ಟಾಗಿ ಒಂದೇ ಸಲ ರೂಟರ್‌ಗೆ ಹೋಗುತ್ತದೆ. ಈ ಸರದಿ ನಿಜಕ್ಕೂ ಒಳ್ಳೆಯ ಕೆಲಸ. ಅದಿಲ್ಲದಿದ್ದರೆ ಫಿಲ್ಟರನ್ನೂ ಪುಟವನ್ನೂ ಒಟ್ಟಿಗೆ ಬದಲಿಸಿದಾಗ ಎರಡನೆಯದು ಹಳೆಯ ಕ್ವೆರಿಯನ್ನೇ ಹಿಡಿದು ಮೊದಲನೆಯದನ್ನು ಅಳಿಸಿಹಾಕುತ್ತಿತ್ತು. ಹೊಗಳುವವರು ಇದನ್ನೇಕೆ ಗಮನಿಸುವುದಿಲ್ಲವೋ.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ವ್ಯೂ ರೂಟರ್‌ನಲ್ಲಿ ಪ್ರಯಾಣವೆಂದರೆ ಒಂದು ಕೋರಿಕೆ. ‘ಬಿಫೋರ್‌ಈಚ್’ ಗಾರ್ಡ್ ಅದನ್ನು ತಡೆಯಬಹುದು, ಕ್ವೆರಿ ಮಾತ್ರ ಬದಲಾಗುವಾಗಲೂ. ತಡೆದರೆ ಆ ಸಂಗತಿ ರೂಟರಿನ ‘ರೀಪ್ಲೇಸ್’ ಮರಳಿಸುವ ಪ್ರಾಮಿಸ್‌ನಲ್ಲಿ ಬರುತ್ತದೆ. ಆ ಪ್ರಾಮಿಸನ್ನು ಈ ಫಂಕ್ಷನ್ ಯಾರ ಕೈಗೂ ಕೊಡುವುದಿಲ್ಲ. ಕೊಡಲು ದಾರಿಯೂ ಇಲ್ಲ, ಏಕೆಂದರೆ ನಾವು ಬರೆದದ್ದು ಸಮಚಿಹ್ನೆ. ರೂಟ್ ಬದಲಾಗದೆ ಇರುವುದರಿಂದ ಅದನ್ನು ಕಾಯುತ್ತ ಕೂತ ವಾಚರ್ ಕೂಡ ಏಳುವುದಿಲ್ಲ. ತೆರೆಯ ಮೇಲೆ 3, ಯುಆರ್‌ಎಲ್‌ನಲ್ಲಿ 2. ಗೆಳೆಯನಿಗೆ ಕಳಿಸಿದ ಕೊಂಡಿ ಅವನನ್ನು ಎರಡನೇ ಪುಟಕ್ಕೆ ಒಯ್ಯುತ್ತದೆ. ಯುಆರ್‌ಎಲ್ಲೇ ಸತ್ಯದ ಮೂಲವೆಂದು ನಂಬಿಸಿ ತಂದ ಸಾಧನ ಎರಡು ಸತ್ಯಗಳನ್ನು ಸಾಕುತ್ತಿದೆ.

ಇದಕ್ಕೆ ಸಿದ್ಧವಾಗಿರುವ ಉತ್ತರ, ‘ಅಂಥ ಗಾರ್ಡ್ ಯಾರು ಹಾಕುತ್ತಾರೆ?’ ಉಳಿಸದ ಬದಲಾವಣೆಗಳಿರುವ ಫಾರ್ಮ್ ಕಟ್ಟಿದವರೆಲ್ಲ ಹಾಕುತ್ತಾರೆ. ಸಾಲುಗಳನ್ನು ಎಣಿಸಿ ಬೆಲೆ ಕಟ್ಟುವ ವಿಮರ್ಶಕರ ಮೇಲೆ ನನಗಿರುವ ಸಿಟ್ಟು ಇದೇ. ಉಳಿದ ಒಂಬತ್ತು ಸಾಲುಗಳು ಏನು ಮಾಡುತ್ತಿದ್ದವು ಎಂದು ಅವರು ಕೇಳುವುದಿಲ್ಲ. ಅವುಗಳಲ್ಲಿ ಒಂದಾದರೂ ರೂಟರಿನ ಉತ್ತರಕ್ಕಾಗಿ ಕಾಯುತ್ತಿತ್ತು. ‘ಬೇಡವಾದರೆ ನೀನೇ ಬರೆದುಕೋ’ ಎನ್ನುವವರಿಗೆ ಹೇಳುವುದೇನೂ ಇಲ್ಲ; ಅದು ವಿಮರ್ಶೆಯ ಮಾತಲ್ಲ.

ಇನ್ನುಳಿದವು ಸಣ್ಣವು. ಯುಆರ್‌ಎಲ್‌ನಿಂದ ಬರುವುದು ಅಕ್ಷರಗಳ ಸರ, ಅದಕ್ಕೆ ಒಂದು ಕೂಡಿಸಿದರೆ 2 ಹೋಗಿ 21 ಆಗುತ್ತದೆ. ‘ಟ್ರಾನ್ಸ್‌ಫಾರ್ಮ್’ ಎಂಬ ಆಯ್ಕೆಗೆ ‘ನಂಬರ್’ ಕೊಟ್ಟರೆ ಸರಿಹೋಗುತ್ತದೆ ಎನ್ನುತ್ತಾರೆ, ಆದರೆ ಖಾಲಿ ಬೆಲೆ ಸೊನ್ನೆಯಾಗಿ ಬರುತ್ತದೆ. ತಾನಾಗಿ ಆರಿಸಿಕೊಳ್ಳುವ ರೀತಿ ‘ರೀಪ್ಲೇಸ್’ ಆದ್ದರಿಂದ ಬ್ಯಾಕ್ ಬಟನ್ ಒತ್ತಿದವರು ಹಿಂದಿನ ಪುಟಕ್ಕೆ ಹೋಗದೆ ಪಟ್ಟಿಯಿಂದಲೇ ಹೊರಬೀಳುತ್ತಾರೆ. ಇದನ್ನು ‘ಪುಶ್’ಗೆ ಬದಲಿಸಬಹುದು.

ಹುಡುಕಾಟದ ಪೆಟ್ಟಿಗೆಗೆ, ಫಿಲ್ಟರ್‌ಗೆ ನಾನೂ ಇದನ್ನು ಬಳಸುತ್ತೇನೆ. ಗಾರ್ಡ್ ಇರುವ ತೆರೆಗಳಲ್ಲಿ ಬಳಸುವುದಿಲ್ಲ. ಅಲ್ಲಿ ಯುಆರ್‌ಎಲ್‌ನಿಂದ ಓದಲಷ್ಟೇ ಒಂದು ಕಂಪ್ಯೂಟೆಡ್ ಇಟ್ಟು, ಬರೆಯುವುದಕ್ಕೆ ‘ಗೋಟುಪೇಜ್’ ಎಂಬ ಫಂಕ್ಷನ್ ಮಾಡಿ, ಅದರೊಳಗೆ ರೂಟರಿನ ಉತ್ತರಕ್ಕೆ ‘ಅವೇಟ್’ ಹಾಕುತ್ತೇನೆ.