ಖಾಲಿ ಜಾಗಕ್ಕೂ ಸೀಸ

ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ, ಮಸಿ ಸವರಿ, ಕಾಗದದ ಮೇಲೆ ಒತ್ತುವ ಲೆಟರ್‌ಪ್ರೆಸ್ ಮುದ್ರಣದಲ್ಲಿ ಕಾವ್ಯವು ಬೇಡುವ ತಾಳ್ಮೆಯೇ ಬೇರೆ. ಏಕೆಂದರೆ ಸಾಲು ಮುಗಿದ ಮೇಲೆ ಓದುಗನಿಗೆ ಬರಿದಾಗಿ ಕಾಣುವ ಜಾಗವು ಮೊಳೆ ಜೋಡಿಸುವವರ ಪಾಲಿಗೆ ಬರಿದಲ್ಲ, ಅದನ್ನು ಕ್ವಾಡ್ ಎಂಬ, ಅಕ್ಷರಗಳಿಗಿಂತ ಗಿಡ್ಡದಾದ ಸೀಸದ ತುಂಡುಗಳಿಂದ ತುಂಬದಿದ್ದರೆ ಚೌಕಟ್ಟಿನೊಳಗೆ ಪುಟ ಬಿಗಿಯಾಗಿ ನಿಲ್ಲುವುದಿಲ್ಲ. ಲಂಡನ್ ಸಮೀಪದ ರಿಚ್ಮಂಡ್‌ನಲ್ಲಿ 1917ರಲ್ಲಿ ಸಣ್ಣದೊಂದು ಕೈಮುದ್ರಣಯಂತ್ರವನ್ನು ಕೊಂಡು ಹೋಗಾರ್ತ್ ಪ್ರೆಸ್ ಆರಂಭಿಸಿದ ಲೆನಾರ್ಡ್ ಮತ್ತು ವರ್ಜೀನಿಯಾ ವುಲ್ಫ್ ದಂಪತಿ ಈ ಕಸುಬನ್ನು ಗುರುವಿಲ್ಲದೆ, ಕಿರುಹೊತ್ತಗೆಯೊಂದನ್ನು ನೋಡಿಕೊಂಡು ಕಲಿತರು. 1923ರಲ್ಲಿ ಟಿ. ಎಸ್. ಎಲಿಯಟ್ ಅವರ ‘ದಿ ವೇಸ್ಟ್ ಲ್ಯಾಂಡ್’ ಕವನವನ್ನು ಪ್ರಕಟಿಸಿದಾಗ, ಉದ್ದ ಗಿಡ್ಡ ಸಾಲುಗಳೂ ಹಲವು ಭಾಷೆಗಳೂ ಬೆರೆತ ಆ ಕಷ್ಟದ ಪಠ್ಯದ ಮೊಳೆಗಳನ್ನು ಜೋಡಿಸಿದವರು ಸ್ವತಃ ಕಾದಂಬರಿಕಾರ್ತಿ ವರ್ಜೀನಿಯಾ.

ಸುಮಾರು 460 ಪ್ರತಿಗಳಷ್ಟೇ ಹೊರಬಂದ, ನೀಲಿ ಮಾರ್ಬಲ್ ಕಾಗದದ ಹೊದಿಕೆಯ ಈ ತೆಳು ಪುಸ್ತಕವು ಅಚ್ಚುಕಟ್ಟಿನಲ್ಲಿ ನಿಷ್ಕಳಂಕವೇನಲ್ಲ. ಕವನದ ಒಂದು ಸಾಲಿನಲ್ಲಿ ಲಂಡನ್ ಸೇತುವೆಯ ಮೇಲೆ ಸಾಗಬೇಕಾದ ಜನಸಮೂಹ ಇದರಲ್ಲಿ ಸೇತುವೆಯ ಕೆಳಗೆ ಹರಿದುಹೋಗುತ್ತದೆ! ಎಲಿಯಟ್ ಕೆಲವು ಪ್ರತಿಗಳಲ್ಲಿ ಈ ತಪ್ಪನ್ನು ಕೈಯಾರೆ ತಿದ್ದಿಕೊಟ್ಟರು. ಅಂಥ ಪ್ರತಿಯಲ್ಲಿ ಕವಿಯ ಶಾಯಿ, ಕಾದಂಬರಿಕಾರ್ತಿಯ ಕೈಕೆಲಸ ಎರಡೂ ಒಂದೇ ಪುಟದಲ್ಲಿ ಸಿಗುವುದರಿಂದ, ಪುಸ್ತಕ ಸಂಗ್ರಾಹಕರು ಮುದ್ರಣದೋಷಕ್ಕೆ ಹಂಬಲಿಸುವುದನ್ನು ಬರಿಯ ಹುಚ್ಚೆಂದು ತಳ್ಳಿಹಾಕಲಾಗದು. ಮುಂದೆ ಹೋಗಾರ್ತ್ ಪ್ರೆಸ್‌ನ ಬಹುಪಾಲು ಪುಸ್ತಕಗಳು ವೃತ್ತಿನಿರತ ಮುದ್ರಣಾಲಯಗಳಲ್ಲಿ, ಇದಕ್ಕಿಂತ ನೇರ್ಪಾಗಿಯೇ, ಅಚ್ಚಾದವು. ಆದರೂ ಸಂಗ್ರಾಹಕರು ಮೊದಲು ಹುಡುಕುವುದು ದಂಪತಿ ಮನೆಯಲ್ಲೇ ಅಚ್ಚುಹಾಕಿದ ಕೆಲವನ್ನು.