'ಡೆತ್ ಆಫ್ ಎ ಸೇಲ್ಸ್‌ಮನ್' : ನಾಲ್ಕು ಅಂಕಗಳ ಪ್ರಶ್ನೆ

ಎರಡನೆಯ ಮಹಾಯುದ್ಧವು ಮುಗಿದು ಅಮೆರಿಕೆಯಲ್ಲಿ ಸಂಪತ್ತು ಉಕ್ಕುತ್ತಿದ್ದ ಕಾಲದಲ್ಲಿ, 1949ರ ಫೆಬ್ರವರಿ 10ರಂದು, ಆರ್ಥರ್ ಮಿಲ್ಲರನ ಈ ನಾಟಕವು ನ್ಯೂಯಾರ್ಕಿನ ರಂಗಭೂಮಿಯನ್ನೇರಿತು. ಅದೇ ವರ್ಷ ಪುಲಿಟ್ಜರ್ ಪಾರಿತೋಷಕವೂ ಇದಕ್ಕೆ ಸಂದಿತು. ಧನದಾಹಿಯಾದ ಸಮಾಜವು ನೌಕರನೊಬ್ಬನನ್ನು ಹಿಂಡಿ ಬಿಸುಟ ಕಥೆಯೆಂದು ಇದನ್ನು ವರ್ಣಿಸುವುದು ವಾಡಿಕೆ. ಅದು ಸುಳ್ಳಲ್ಲ. ಆದರೆ ಮಕ್ಕಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಇದು ಮೊದಲಾಗಿ ತಂದೆಯೊಬ್ಬನು ಮಗನಿಗೆ ಕಲಿಸಿದ ತಪ್ಪು ಪಾಠದ ಕಥೆಯಾಗಿ ತೋರುತ್ತದೆ.

ವಿಲಿ ಲೋಮನ್ 63 ವರ್ಷದ, ಊರೂರು ತಿರುಗುವ ಮಾರಾಟಗಾರ. ಬ್ರೂಕ್ಲಿನ್‌ನ ಅವನ ಮನೆಗೆ 25 ವರ್ಷಗಳ ಸಾಲ. ರೆಫ್ರಿಜರೇಟರಿಗೆ, ಬಟ್ಟೆ ಒಗೆಯುವ ಯಂತ್ರಕ್ಕೆ ಕಂತು. ಕಂತು ತೀರುವ ಹೊತ್ತಿಗೆ ವಸ್ತುವೇ ತೀರಿಹೋಗುತ್ತದೆಂಬುದು ಅವನ ಗೋಳು. ಬಡಗಿಯ ಕೆಲಸ, ಗಾರೆಯ ಕೆಲಸ ಅವನ ಕೈಗೆ ಚೆನ್ನಾಗಿ ಹತ್ತಿವೆ. ಆದರೆ ಅವನು ನೆಚ್ಚಿದುದು ಕೈಯನ್ನಲ್ಲ, ಮುಗುಳುನಗೆಯನ್ನು. ಜನರ ಮೆಚ್ಚುಗೆಯೊಂದಿದ್ದರೆ ಉಳಿದುದೆಲ್ಲ ತಾನಾಗಿ ಬರುವುದೆಂದು ಮಕ್ಕಳಿಗೂ ಬೋಧಿಸಿದನು.

ಹಿರಿಯ ಮಗ ಬಿಫ್ ಆಟದಲ್ಲಿ ಶೂರ, ಗಣಿತದಲ್ಲಿ ಹಿಂದು. ಓದದಿದ್ದರೆ ನಪಾಸಾಗುವನೆಂದು ನೆರೆಮನೆಯ ಬರ್ನಾರ್ಡ್ ಓಡಿಬಂದು ಎಚ್ಚರಿಸಿದರೆ ತಂದೆಮಕ್ಕಳು ಅವನನ್ನೇ ಗೇಲಿಮಾಡುತ್ತಾರೆ. ಕೊನೆಗೆ ಬಿಫ್ಫನಿಗೆ ಬಂದುದು 61. ಬೇಕಾದುದು ಇನ್ನು ನಾಲ್ಕು. ಆ ಉಪಾಧ್ಯಾಯನ ತೊದಲು ನುಡಿಯನ್ನು ತರಗತಿಯಲ್ಲಿ ಅಣಕಿಸಿ ಸಿಕ್ಕಿಬಿದ್ದ ಹುಡುಗನಿವನು. ಉಪಾಧ್ಯಾಯನು ಅಂಕ ಕೊಡಲಿಲ್ಲ. ರಂಗದ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳದ ಈ ಮನುಷ್ಯನನ್ನು ನಾವು ಬಹಳವಾಗಿ ನೆನೆದಿದ್ದೇವೆ. ಅವನು ನಿರಾಕರಿಸಿದುದು ನ್ಯಾಯಕ್ಕಾಗಿಯೋ, ಅಣಕದ ನೋವಿಗಾಗಿಯೋ? ಅಂಕ ಬೇಡಿ ನಮ್ಮ ಬಾಗಿಲಿಗೂ ತಂದೆಯಂದಿರು ಬಂದಿದ್ದಾರೆ. ಕೊಟ್ಟದ್ದುಂಟು, ಕೊಡದೆ ಕಳುಹಿಸಿದ್ದುಂಟು. ಎರಡರ ನೆನಪೂ ನಮಗೆ ಹಿತವಾಗಿಲ್ಲ.

ಇಲ್ಲಿಂದ ಮುಂದೆ ಮಿಲ್ಲರನು ಸುಲಭದ ದಾರಿ ಹಿಡಿದನೆಂಬುದು ನಮ್ಮ ಆಕ್ಷೇಪ. ಉಪಾಧ್ಯಾಯನೊಡನೆ ಮಾತನಾಡೆಂದು ಕೇಳಲು ಬಾಸ್ಟನ್ನಿಗೆ ಹೋದ ಬಿಫ್, ಹೋಟೆಲಿನ ಕೋಣೆಯಲ್ಲಿ ತಂದೆಯೊಡನೆ ಪರಸ್ತ್ರೀಯನ್ನು ಕಾಣುತ್ತಾನೆ. ಅವನ ಬಾಳು ಅಲ್ಲಿಗೆ ಮುರಿಯುತ್ತದೆ. ದೃಶ್ಯವು ಪ್ರಬಲವಾಗಿದೆ, ಸಂದೇಹವಿಲ್ಲ. ಆದರೆ ಶಾಲೆಯ ಚೆಂಡನ್ನು ಹೇಳದೆ ಕೇಳದೆ ತಂದ ಮಗನನ್ನು ಕಂಡು ತಂದೆಯು ನಕ್ಕ ದಿನವೇ ಕೇಡು ಮೊಳೆತಿರಲಿಲ್ಲವೆ? ಬಾಸ್ಟನ್ನಿನ ಗುಟ್ಟು ಆ ದೀರ್ಘವಾದ ತಪ್ಪನ್ನು ಒಂದು ರಾತ್ರಿಯ ತಪ್ಪಾಗಿ ಕುಗ್ಗಿಸಿಬಿಡುತ್ತದೆ.

ಇದಕ್ಕಿಂತ ನಮ್ಮನ್ನು ಹೆಚ್ಚಾಗಿ ಕಾಡುವುದು ಯಜಮಾನನಾದ ಹೊವಾರ್ಡನ ಕಚೇರಿಯ ದೃಶ್ಯ. ತಿರುಗಾಟದಿಂದ ಬಿಡುಗಡೆ ಬೇಡಲು ಬಂದ ವಿಲಿಯನ್ನು ನಿಲ್ಲಿಸಿ, ಅವನು ಹೊಸದಾಗಿ ಕೊಂಡ ಧ್ವನಿಮುದ್ರಣ ಯಂತ್ರವನ್ನು ಕೇಳಿಸುತ್ತಾನೆ. ಐದು ವರ್ಷದ ಮಗನು ರಾಜ್ಯಗಳ ರಾಜಧಾನಿಗಳನ್ನು ಅಕ್ಷರಾನುಕ್ರಮವಾಗಿ ಒಪ್ಪಿಸುತ್ತಿದ್ದಾನೆ. ವಾರಕ್ಕೆ 65 ಡಾಲರು ಕೇಳಿದ ಮುದುಕನು 50ಕ್ಕೆ, ಬಳಿಕ 40ಕ್ಕೆ ಇಳಿಯುತ್ತಾನೆ, ಅದೂ ಇಲ್ಲ. ಒಬ್ಬನೇ ಉಳಿದಾಗ ಕೈತಾಗಿ ಯಂತ್ರವು ಮತ್ತೆ ನುಡಿಯುತ್ತದೆ. ನಿಲ್ಲಿಸಲು ತಿಳಿಯದೆ ವಿಲಿ ಕೂಗಿಕೊಳ್ಳುತ್ತಾನೆ. ಮಗುವಿನ ಪಾಠ ಮುಂದುವರಿಯುತ್ತದೆ. ಬಾಯಿಪಾಠ ಒಪ್ಪಿಸುವ ಎಳೆಯ ದನಿಯು ಇಷ್ಟು ಭಯಂಕರವಾಗಬಲ್ಲುದೆಂದು ನಾವು ಎಣಿಸಿರಲಿಲ್ಲ.

ವಿಮೆಯ ಹಣ ಮಗನಿಗೆ ದೊರೆಯಲೆಂದು ವಿಲಿ ಪ್ರಾಣ ಕಳೆದುಕೊಳ್ಳುತ್ತಾನೆ. ಮಣ್ಣುಮಾಡಿದ ದಿನವೇ ಹೆಂಡತಿಯು ಮನೆಯ ಕೊನೆಯ ಕಂತನ್ನು ಕಟ್ಟಿದ್ದಾಳೆ. ಸಮಾಧಿಯ ಬಳಿ ಬಿಫ್ ನೆನೆಯುವುದು ತಂದೆಯ ಮಾರಾಟವನ್ನಲ್ಲ, ರಜೆಯ ದಿನಗಳಲ್ಲಿ ಅವನು ಕೈಯಾರೆ ಕಟ್ಟಿದ ಮನೆಬಾಗಿಲ ಮೆಟ್ಟಿಲನ್ನು.