ಜೋಡುನಳಿಗೆಯ ಕೋವಿಯ ಒದೆತ: ಬೇಟೆಯ ಗ್ರಂಥಗಳಲ್ಲಿನ ಒಂದು ಲೋಪ

ಮೈಸೂರು ದೇಶದ ಕಾಡುಗಳನ್ನು ಕುರಿತು ಹುಟ್ಟಿದ ಬೇಟೆಯ ಗ್ರಂಥಗಳಲ್ಲಿ ಜಿ. ಪಿ. ಸ್ಯಾಂಡರ್ಸನ್ನನು 1878ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಅಗ್ರಸ್ಥಾನ ಸಲ್ಲುವುದು. ರೀವ್ ಪಾದ್ರಿಯ ಕನ್ನಡ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದ ಡೇನಿಯಲ್ ಸ್ಯಾಂಡರ್ಸನ್ನನ ಮಗನೀತನು. ತರುವಾಯದವರಲ್ಲಿ ಕೆನೆತ್ ಆಂಡರ್ಸನ್ನನು ಮುಖ್ಯನು. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಈತನು ಕನ್ನಡಿಗರಿಗೆ ಮನೆಮಾತಾದನು. ಇಂತಹ ಗ್ರಂಥಗಳನ್ನು ಜನರು ಸಾಹಸಕ್ಕಾಗಿ ಓದುವುದು ಸಹಜ. ಆದರೆ ಸಾಹಸಕ್ಕೆ ಆಧಾರವಾದ ಆಯುಧವನ್ನು ಹಿಡಿಯುವ ಬಗೆಯೇನು, ಅದರ ಒದೆತವನ್ನು ತಾಳುವ ಕ್ರಮವೇನು ಎಂಬ ವಿಚಾರಕ್ಕೆ ಬೇಟೆಯ ಸಾಹಿತ್ಯದಲ್ಲಿ ಸಲ್ಲಬೇಕಾದಷ್ಟು ಸ್ಥಳ ಸಂದಿಲ್ಲ. ಒದೆತವು ಬೇಟೆಗಾರನ ಗಂಡಸುತನಕ್ಕೆ ಅಳತೆಗೋಲಾಗಿಯೋ ನಗೆಯ ಪ್ರಸಂಗವಾಗಿಯೋ ಮುಗಿದುಹೋಗುವುದೇ ಹೆಚ್ಚು.

ಕನ್ನಡದಲ್ಲಿ ಈ ಲೋಪಕ್ಕೆ ಪದದ ತೊಡಕೂ ಸೇರಿರುವುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಓದುಗನು ‘ಜೋಡುನಳಿಗೆ’ ಎಂದೊಡನೆ ತೋಟ ಕಾಯುವ ಚರೆಯ ಕೋವಿಯನ್ನು ನೆನೆಯುವನು. ಚರೆಯನ್ನು ಹರಡುವ ಆ ಕೋವಿಗೂ, ಆನೆ ಕಾಟಿಗಳಿಗಾಗಿ ಮಾಡಿದ, ಒಂಟಿಗುಂಡಿನ ಭಾರಿ ಜೋಡುನಳಿಗೆಯ ರೈಫಲಿಗೂ ಹೆಸರೊಂದೇ; ಗುಣ ಬೇರೆ. ಸ್ಯಾಂಡರ್ಸನ್ನನು ಮೆಚ್ಚಿ ಬಳಸಿದ ನಾಲ್ಕನೆಯ ಬೋರಿನ ಜೋಡುನಳಿಗೆಯಾದರೋ ಸುರುಳಿಗೆರೆಗಳಿಲ್ಲದ ನುಣುಪು ನಳಿಗೆಯದು. ತೂಕ 20 ಪೌಂಡಿನ ಸಮೀಪ. ನಾಲ್ಕನೆಯ ಬೋರೆಂದರೆ ಪೌಂಡಿಗೆ ನಾಲ್ಕು ಗುಂಡು. ಒಂದೊಂದು ಗುಂಡೂ ಕಾಲು ಪೌಂಡಿನದು. 1898ರಲ್ಲಿ ಹೊಗೆರಹಿತ ಮದ್ದಿನ .450 ನೈಟ್ರೋ ಎಕ್ಸ್‌ಪ್ರೆಸ್ ಬಂದಮೇಲೆ ಗುಂಡು ಕಿರಿದಾಗಿ ವೇಗ ಹಿರಿದಾಯಿತು. 1907ರಲ್ಲಿ ಸರ್ಕಾರವು ಹಿಂದೂದೇಶದಲ್ಲಿ .450 ಅಳತೆಯನ್ನು ನಿಷೇಧಿಸಲಾಗಿ .465, .470 ಮುಂತಾದವು ಬಳಕೆಗೆ ಬಂದುವು. .470ರಲ್ಲಿ 500 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 2150 ಅಡಿ ಹಾರಿದರೆ, 11 ಪೌಂಡಿನ ಕೋವಿಯು ಸುಮಾರು 18 ಅಡಿಯ ವೇಗದಿಂದ ಭುಜದ ಮೇಲೆ ಬರುವುದು.

ಈ ಒದೆತವು ನೆಟ್ಟಗೆ ಹಿಂದಕ್ಕೆ ಮಾತ್ರ ಬರುವುದಿಲ್ಲ ಎಂಬುದೇ ಇಲ್ಲಿನ ಮರ್ಮ. ಬಲನಳಿಗೆಯು ಸಿಡಿದಾಗ ಕೋವಿಯು ಮೇಲಕ್ಕೂ ಬಲಕ್ಕೂ, ಎಡನಳಿಗೆಯು ಸಿಡಿದಾಗ ಮೇಲಕ್ಕೂ ಎಡಕ್ಕೂ ಹೊರಳುವುದು. ಗುಂಡು ಬಾಯಿಯನ್ನು ದಾಟುವ ಮೊದಲೇ ಈ ಹೊರಳು ಆರಂಭವಾಗಿರುವುದು. ಆದಕಾರಣ ಶಿಲ್ಪಿಯು ನಳಿಗೆಗಳನ್ನು ತುದಿಯಲ್ಲಿ ಒಂದಕ್ಕೊಂದು ತುಸು ಬಾಗಿಸಿ, ಹಾರಿಸಿ ನೋಡಿ, ನಡುವಣ ಬೆಣೆಯನ್ನು ಸರಿಪಡಿಸಿ, ಎರಡು ಗುಂಡುಗಳೂ ಒಂದೆಡೆ ಬೀಳುವಂತೆ ಬೆಸೆಯುವನು. ಈ ಹೊಂದಾಣಿಕೆಯು ನಿಯತವಾದ ಒಂದು ತೋಟೆಗೂ ಕೈಹಿಡಿತಕ್ಕೂ ಮಾತ್ರ ಸಲ್ಲುವುದು. ಕೋವಿಯನ್ನು ಗಟ್ಟಿಯಾದ ಬಂಡೆಯ ಮೇಲಿರಿಸಿ ಹಾರಿಸಿದರೆ ಅದು ಕೆಡುವುದು. ಎಂದರೆ, ಹಿಡಿತವು ಬೇಟೆಗಾರನ ಅಭ್ಯಾಸವಷ್ಟೇ ಅಲ್ಲ, ಆಯುಧದ ಒಂದು ಅಂಗವೇ ಆಗಿರುವುದು.

ಸರಿಯಾದ ಹಿಡಿತದಲ್ಲಿ ಎಡಗೈಯು ನಳಿಗೆಗಳನ್ನು ಮುಂದೆ ಬಿಗಿಹಿಡಿದು ಏಳದಂತೆ ತಡೆಯುವುದು. ಬಲಗೈಯು ಬುಡವನ್ನು ಭುಜದ ಗುಳಿಗೆ ಒತ್ತಿ ಸೆಳೆಯುವುದು. ಮೈಭಾರವು ಮುಂಗಾಲಿನ ಮೇಲಿರುವುದು. ಬುಡಕ್ಕೂ ಭುಜಕ್ಕೂ ಎಡೆಬಿಟ್ಟರೆ ನೂಕಾಗಬೇಕಾದುದು ಹೊಡೆತವಾಗುವುದು. ನೆಟ್ಟ ಗೂಟಕ್ಕೆ ತೆಂಗಿನಕಾಯಿ ಸುಲಿಯುವವನು ತೋಳನ್ನೇ ನಂಬದೆ ಮೈಯ ಭಾರವನ್ನೆಲ್ಲ ಮುಂದಿಡುವುದನ್ನು ತಿಪಟೂರಿನವರು ಬಲ್ಲರು. ಇದೂ ಅದೇ ನ್ಯಾಯ. ಆದರೆ ಮೈಯನ್ನು ಕಂಬದಂತೆ ಬಿಗಿಸದೆ ಒದೆತದೊಡನೆ ಹಿಂದೆ ಬಾಗಗೊಡಬೇಕು. ನೆಲಕ್ಕೆ ಬೋರಲಾಗಿ ಮಲಗಿ ಹಾರಿಸುವವನಿಗೆ ಆ ಅವಕಾಶವಿಲ್ಲದೆ ಭುಜವೇ ಪೆಟ್ಟು ತಿನ್ನುವುದು. ಬಲಗೈ ಸಡಿಲವಾದರೆ ಮುಂಗುದುರೆಯನ್ನು ಎಳೆದ ಬೆರಳು ಒದೆತದಲ್ಲಿ ಜಾರಿ ಹಿಂಗುದುರೆಯನ್ನು ತಾಗುವುದು. ಎರಡು ನಳಿಗೆಗಳೂ ಒಟ್ಟಿಗೆ ಸಿಡಿದು ಎರಡನೆಯ ಗುಂಡು ವ್ಯರ್ಥವಾಗುವುದು. ಆ ಎರಡನೆಯ ಗುಂಡಿಗಾಗಿಯೇ ಜೋಡುನಳಿಗೆಯನ್ನು ಹೊತ್ತದ್ದು.

ಈ ದೃಷ್ಟಿಯಿಂದ ನೋಡಿದರೆ ಭಾರಿ ಮೃಗಕ್ಕೆ ಭಾರಿ ಆಯುಧವೇ ಬೇಕೆಂಬ ಸ್ಯಾಂಡರ್ಸನ್ನನ ವಾದವು ಅರ್ಧ ಸತ್ಯ. ತೂಕವು ಒದೆತವನ್ನು ತಗ್ಗಿಸುವುದು ನಿಜ. ಹಿಡಿತದ ದೋಷವನ್ನು ಅದು ತಿದ್ದಲಾರದು. ಆದರೂ ಬೋರು, ತೂಕಗಳನ್ನು ಆತನು ಹೇಳಿರುವುದರಿಂದ ಓದುಗನು ಲೆಕ್ಕ ಹಾಕಬಲ್ಲನು; ಇದು ಅವನ ಗ್ರಂಥದ ಹಿರಿಮೆ. ಆಂಡರ್ಸನ್ನನ ಕೈಯಲ್ಲಿದ್ದುದು .405ರ ವಿಂಚೆಸ್ಟರ್, ಒಂದೇ ನಳಿಗೆಯದು. ಚಿಕ್ಕನಾಯಕನಹಳ್ಳಿಗೆ ತಗುಲಿದ ಹೊಸದುರ್ಗದ ನರಭಕ್ಷಕನ ಕಥೆಯನ್ನು 1954ರ ಗ್ರಂಥದಲ್ಲಿ ಓದುವವರು, ಜೋಡುನಳಿಗೆಯ ನಿಯಮಗಳನ್ನು ಅದಕ್ಕೆ ಅನ್ವಯಿಸಲಾಗದು.

ಇದು ಕೇವಲ ಕಮ್ಮಾರಸಾಲೆಯ ಚರ್ಚೆಯಲ್ಲ. ನರಭಕ್ಷಕತ್ವಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಗಾಯವೇ ಕಾರಣವೆಂದು ಜಿಮ್ ಕಾರ್ಬೆಟ್ಟನು 1944ರಲ್ಲಿ ಬರೆದನು. ತಪ್ಪಿದ ಗುಂಡಿನ ಬೆಲೆಯನ್ನು ತೆತ್ತವನು ಊರಿಗೆ ಹಿಂದಿರುಗಿದ ಬೇಟೆಗಾರನಲ್ಲ. ಗಾಯಗೊಂಡ ಮೃಗ, ಆಮೇಲೆ ಕಾಡಂಚಿನಲ್ಲಿ ದನ ಕಾಯುವವನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಆ ಬೇಟೆಯ ಕಾಲವು ಮುಗಿಯಿತು, ಗ್ರಂಥಗಳು ಉಳಿದಿವೆ. ಕೋವಿಯನ್ನು ಹೊಗಳುವ ಪುಟದಲ್ಲಿ ಅದನ್ನು ಹಿಡಿದ ಕೈಯ ಲೆಕ್ಕವನ್ನೂ ಕೇಳುವುದು ಅವುಗಳ ಓದುಗನ ಕರ್ತವ್ಯ.